ರೆಗ್ರಾಗಿಗೆ ಮೂರು ತಿಂಗಳು ಸಾಕಾಯಿತಂತೆ!

ಕತಾರ್ ಫುಟ್‌ಬಾಲ್ ವಿಶ್ವಕಪ್ ಮುಗಿದಂದಿನಿಂದ ನನ್ನ ಹತ್ತಿರ ಬರುವ ಕ್ಲಬ್ ಕಾರ್ಯದರ್ಶಿಗಳ ಬಾಯಲ್ಲಿ ಒಂದೇ ಮಾತು. "ಸರ್, ಆ ಮೊರಾಕೊ ಕೋಚ್ ನೋಡಿ. ಮೂರೇ ತಿಂಗಳಲ್ಲಿ ಟೀಮನ್ನು ಸೆಮಿಫೈನಲ್‌ಗೆ ತಂದ. ನಮಗೂ ಅಂಥವನೊಬ್ಬನನ್ನು ಹುಡುಕಿಕೊಡಿ. ಲೀಗ್ ಶುರುವಾಗೋಕೆ ಇನ್ನೂ ಹತ್ತು ವಾರ ಇದೆ." ಹತ್ತು ವಾರ ಅನ್ನುವುದನ್ನು ಏನೋ ದೊಡ್ಡ ಉದಾರತೆ ತೋರಿಸಿದ ಹಾಗೆ ಹೇಳುತ್ತಾರೆ.

ಕೋಚ್‌ಗಳಿಗೆ ತರಬೇತಿ ಕೊಡುವುದು, ಕ್ಲಬ್‌ಗಳಿಗೆ ಕೋಚ್ ಆರಿಸಲು ನೆರವಾಗುವುದು ನನ್ನ ಕೆಲಸ. ಹಾಗಾಗಿ ಆ ಮೊರಾಕೊ ಕೋಚ್, ವಾಲಿದ್ ರೆಗ್ರಾಗಿ ಹೆಸರು ನನ್ನ ಮೇಜಿನ ಮೇಲೆ ಬೀಳುತ್ತಲೇ ಇರುತ್ತದೆ. ಪ್ರತಿ ಸಲವೂ ಅದೇ ವಿವರಣೆ ಕೊಟ್ಟು ಗಂಟಲು ಒಣಗಿದೆ. ಒಮ್ಮೆ ಬರೆದೇ ಇಡೋಣ ಅನ್ನಿಸಿತು.

ಕಾರ್ಯದರ್ಶಿಗಳ ಲೆಕ್ಕದಲ್ಲಿ ತಪ್ಪಿಲ್ಲ. 2022ರ ಆಗಸ್ಟ್ 31ರಂದು ರೆಗ್ರಾಗಿ ನೇಮಕವಾಯಿತು. ನವೆಂಬರ್ 23ರಂದು ಕ್ರೊವೇಷಿಯಾ ವಿರುದ್ಧ ಮೊದಲ ಪಂದ್ಯ. ಮೂರು ತಿಂಗಳೂ ತುಂಬಿರಲಿಲ್ಲ. ತಪ್ಪಿರುವುದು ಎಲ್ಲಿಂದ ಎಣಿಸಬೇಕು ಅನ್ನುವುದರಲ್ಲಿ.

ಮೊದಲು ಆ ಮೂರು ತಿಂಗಳನ್ನೇ ಬಿಡಿಸಿ ನೋಡಿ. ರಾಷ್ಟ್ರೀಯ ತಂಡದ ಕೋಚ್‌ಗೆ ಆಟಗಾರರು ದಿನಾ ಸಿಗುವುದಿಲ್ಲ. ಅವರೆಲ್ಲ ತಮ್ಮ ತಮ್ಮ ಕ್ಲಬ್‌ಗಳಲ್ಲಿ ಇರುತ್ತಾರೆ. ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಸಿಕ್ಕರು. ಚಿಲಿಯನ್ನು 2-0 ಸೋಲಿಸಿದರು, ಪರಾಗ್ವೆ ಜೊತೆ ಗೋಲಿಲ್ಲದ ಡ್ರಾ. ಆಮೇಲೆ ನವೆಂಬರ್ 17ರಂದು ಶಾರ್ಜಾದಲ್ಲಿ ಜಾರ್ಜಿಯಾ ವಿರುದ್ಧ 3-0. ಅಷ್ಟೇ. ವಿಶ್ವಕಪ್‌ಗೆ ಮುಂಚೆ ಪೂರ್ಣ ತಂಡದ ಜೊತೆ ಮೂರು ಸ್ನೇಹಪರ ಪಂದ್ಯ. ಇಷ್ಟರಲ್ಲಿ ಯಾರಾದರೂ ಡಿಫೆನ್ಸ್ ಕಟ್ಟಲು ಸಾಧ್ಯವಾ? ಮೊದಲೇ ಕಟ್ಟಿಟ್ಟದ್ದನ್ನು ಹೊರಗೆ ತೆಗೆದು ಜೋಡಿಸಬಹುದು, ಅಷ್ಟೇ.

ಹಾಗಾದರೆ ಕಟ್ಟಿದ್ದು ಯಾವಾಗ?

ಆಟಗಾರನಾಗಿ ರೆಗ್ರಾಗಿ ಗೋಡೆಗೆ ಪೋಸ್ಟರ್ ಅಂಟಿಸಿಕೊಳ್ಳುವಂಥವರಲ್ಲ. 1975ರಲ್ಲಿ ಪ್ಯಾರಿಸ್ ಹತ್ತಿರದ ಕೊರ್ಬೆ-ಎಸ್ಸೋನ್‌ನಲ್ಲಿ ಹುಟ್ಟಿದವರು. ಮೊರಾಕೊದಿಂದ ಫ್ರಾನ್ಸ್‌ಗೆ ಹೋದ ಕುಟುಂಬ. ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್ ಆಗಿ ಟುಲೂಸ್, ಅಜಾಕ್ಸಿಯೊ, ಸ್ಪೇನ್‌ನ ರೇಸಿಂಗ್ ಸಾಂತಾಂದೆರ್, ಗ್ರೆನೋಬಲ್ ಕ್ಲಬ್‌ಗಳಿಗೆ ಆಡಿದರು. 2002ರಲ್ಲಿ ಅಜಾಕ್ಸಿಯೊ ಎರಡನೇ ದರ್ಜೆಯ ಲೀಗ್ ಗೆದ್ದು ಮೇಲಕ್ಕೆ ಬಂದಾಗ ಆ ತಂಡದಲ್ಲಿದ್ದರು. ಮೊರಾಕೊ ಪರ ಅವರ ಒಳ್ಳೆಯ ಕಾಲ 2004ರ ಆಫ್ರಿಕಾ ಕಪ್. ಫೈನಲ್‌ನಲ್ಲಿ ಆತಿಥೇಯ ಟ್ಯುನೀಷಿಯಾ ವಿರುದ್ಧ 1-2ರಿಂದ ಸೋತರು. ಆ ತಂಡದ ಕೋಚ್ ಬಾದು ಝಾಕಿ. 1986ರ ವಿಶ್ವಕಪ್‌ನಲ್ಲಿ ಮೊರಾಕೊ ಗೋಲ್‌ಕೀಪರ್ ಆಗಿದ್ದವರು. ಆ ಸಲ ಗುಂಪಿನಲ್ಲಿ ಮೊದಲ ಸ್ಥಾನ ಪಡೆದು ಮೊರಾಕೊ ನಾಕೌಟ್‌ಗೆ ಹೋಗಿತ್ತು. ಆಫ್ರಿಕಾದ ಯಾವ ತಂಡವೂ ಅದಕ್ಕೆ ಮುಂಚೆ ಅಷ್ಟು ದೂರ ಹೋಗಿರಲಿಲ್ಲ.

ಒಂದು ವಿಷಯ ಗಮನಿಸಿ. ರೆಗ್ರಾಗಿ ಆಟಗಾರನಾಗಿ ಒಂದೇ ಒಂದು ವಿಶ್ವಕಪ್ ಪಂದ್ಯ ಆಡಿಲ್ಲ. ಅವರಿದ್ದ ಕಾಲದಲ್ಲಿ ಮೊರಾಕೊ ಅರ್ಹತೆಯನ್ನೇ ಪಡೆಯಲಿಲ್ಲ. 1998ರ ನಂತರ ಮತ್ತೆ ಹೋಗಿದ್ದು 2018ಕ್ಕೆ. "ದೊಡ್ಡ ಆಟಗಾರನೇ ಬೇಕು ಸರ್, ಹುಡುಗರು ಮಾತು ಕೇಳ್ತಾರೆ" ಅನ್ನುವ ಕಾರ್ಯದರ್ಶಿಗಳೇ ಮರುವಾಕ್ಯದಲ್ಲಿ ರೆಗ್ರಾಗಿ ಹೆಸರು ಹೇಳುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

2012ರಲ್ಲಿ ಅವರು ರಾಷ್ಟ್ರೀಯ ತಂಡದ ಸಹಾಯಕ ಕೋಚ್ ಆದರು. ಮುಖ್ಯ ಕೋಚ್ ರಶೀದ್ ತಾವ್ಸಿ. 2013ರ ಆಫ್ರಿಕಾ ಕಪ್‌ನಲ್ಲಿ ಆ ತಂಡ ಮೂರು ಪಂದ್ಯ ಆಡಿ ಮೂರನ್ನೂ ಡ್ರಾ ಮಾಡಿಕೊಂಡು ವಾಪಸ್ ಬಂತು. ಒಂದೂ ಸೋಲಿಲ್ಲ, ಆದರೂ ಮನೆಗೆ. ಸಹಾಯಕನ ಕುರ್ಚಿಯಲ್ಲಿ ಕೂತು ಇಂಥದ್ದನ್ನು ನೋಡುವುದರಿಂದ ಕಲಿಯುವುದು ಜಾಸ್ತಿ. ತೀರ್ಮಾನ ನಿಮ್ಮದಲ್ಲ, ಆದರೆ ಅದರ ಫಲ ಕಣ್ಣೆದುರಿಗೇ ಇರುತ್ತದೆ.

2014ರಲ್ಲಿ ರಬಾತ್‌ನ ಎಫ್‌ಯುಎಸ್ ಕ್ಲಬ್ ಸಿಕ್ಕಿತು. ನಾನು ಕಾರ್ಯದರ್ಶಿಗಳನ್ನು ಹಿಡಿದು ನಿಲ್ಲಿಸುವುದು ಇಲ್ಲಿಯೇ. ಅವರೋ ಈ ಪುಟವನ್ನೇ ಹಾರಿಸಿಬಿಡುತ್ತಾರೆ. ಎಫ್‌ಯುಎಸ್ 1946ರಲ್ಲಿ ಶುರುವಾದ ಕ್ಲಬ್. ಕಪ್‌ಗಳನ್ನು ಗೆದ್ದಿತ್ತು, ಲೀಗ್ ಮಾತ್ರ ಒಮ್ಮೆಯೂ ಗೆದ್ದಿರಲಿಲ್ಲ. ಕಾಸಾಬ್ಲಾಂಕಾದ ವಿದಾದ್, ರಾಜಾ ಕ್ಲಬ್‌ಗಳಿಗೆ ಇರುವ ಅಭಿಮಾನಿಗಳ ಸಮುದ್ರ ಇದಕ್ಕಿಲ್ಲ. ರೆಗ್ರಾಗಿ ಬಂದ ವರ್ಷವೇ ಮೊರಾಕೊದ ನಾಕೌಟ್ ಟೂರ್ನಿಯಾದ ಥ್ರೋನ್ ಕಪ್ ಗೆದ್ದರು. 2016ರಲ್ಲಿ ಲೀಗ್ ಬಂತು, ಕ್ಲಬ್‌ನ ಇತಿಹಾಸದಲ್ಲೇ ಮೊದಲ ಸಲ.

ಆಮೇಲೆ? ಆಮೇಲೆ ಲೀಗ್ ಬರಲಿಲ್ಲ. ಆಫ್ರಿಕಾದ ಕ್ಲಬ್‌ಗಳ ಎರಡನೇ ದರ್ಜೆಯ ಟೂರ್ನಿಯಾದ ಕಾನ್ಫೆಡರೇಷನ್ ಕಪ್‌ನಲ್ಲಿ 2016 ಮತ್ತು 2017ರಲ್ಲಿ ಸೆಮಿಫೈನಲ್‌ವರೆಗೆ ಹೋಗಿ ಸೋತರು. ಒಳ್ಳೆಯ ಆಟಗಾರರು ಒಬ್ಬೊಬ್ಬರೇ ಬೇರೆ ಕಡೆ ಹೋದರು. ಆದರೂ ಅವರು 2020ರ ಆರಂಭದವರೆಗೂ ಅಲ್ಲೇ ಇದ್ದರು. ಗೆದ್ದ ಎರಡು ವರ್ಷ ಎಲ್ಲರಿಗೂ ನೆನಪಿರುತ್ತದೆ. ಗೆಲ್ಲದೆ ಕಳೆದ ವರ್ಷಗಳೇ ಒಬ್ಬ ಕೋಚನ್ನು ತಯಾರು ಮಾಡುತ್ತವೆ ಅಂತ ನಾನು ನಂಬಿದ್ದೇನೆ. ಸ್ಟಾರ್ ಆಟಗಾರನನ್ನು ಮಾರಿಬಿಟ್ಟಾಗ ಅವನ ಜಾಗಕ್ಕೆ ಯಾರು? ಮೂವತ್ತೆರಡರ ನಾಯಕನಿಗೆ ನೀನು ಈ ಶನಿವಾರ ಬೆಂಚಲ್ಲಿ ಅಂತ ಹೇಗೆ ಹೇಳುವುದು? ಇದನ್ನೆಲ್ಲ ಯಾವ ಕೋರ್ಸೂ ಪೂರ್ತಿ ಕಲಿಸುವುದಿಲ್ಲ. ಕೋರ್ಸ್ ನಡೆಸುವವನೇ ಹೇಳುತ್ತಿದ್ದೇನೆ.

ರೆಗ್ರಾಗಿ ಎಫ್‌ಯುಎಸ್‌ಗೆ ಬಂದ ವರ್ಷ, 2014ರಲ್ಲೇ, ಹದಿನೆಂಟರ ಒಬ್ಬ ಹುಡುಗನೂ ಅದೇ ಕ್ಲಬ್‌ಗೆ ಬಂದ. ಕೆನಿತ್ರಾ ಊರಿನವನು, ಎಡಗಾಲಿನ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್), ಮೊಹಮ್ಮದ್ VI ಅಕಾಡೆಮಿಯಲ್ಲಿ ಬೆಳೆದವನು. ಹೆಸರು ನಾಯೆಫ್ ಅಗೆರ್ದ್. 2018ರಲ್ಲಿ ಫ್ರಾನ್ಸ್‌ನ ದಿಜಾನ್‌ಗೆ ಹೋಗುವವರೆಗೆ ರೆಗ್ರಾಗಿ ಕೈಕೆಳಗೇ ಆಡಿದ. ಕತಾರ್‌ನಲ್ಲಿ ಮೊರಾಕೊ ಡಿಫೆನ್ಸ್‌ನ ನಡುವೆ ನಾಯಕ ಸಾಯಿಸ್ ಪಕ್ಕ ನಿಂತವನು ಇದೇ ಅಗೆರ್ದ್. ಈಗ ಹೇಳಿ, ಇವನ ವಿಷಯದಲ್ಲಿ ರೆಗ್ರಾಗಿಗೆ ಸಿಕ್ಕಿದ್ದು ಮೂರು ತಿಂಗಳಾ, ಎಂಟು ವರ್ಷವಾ?

ನಡುವೆ ಕತಾರ್‌ನ ಅಲ್-ದುಹೈಲ್ ಇತ್ತು. ಲೀಗ್ ಗೆದ್ದರು, ಅದೇ ವರ್ಷ ಹೊರಗೂ ಬಂದರು. ನಂತರ 2021ರಲ್ಲಿ ವಿದಾದ್. ಒಂದೇ ಸೀಸನ್‌ನಲ್ಲಿ ಲೀಗ್ ಬಂತು. 2022ರ ಮೇ 30ರಂದು ಕಾಸಾಬ್ಲಾಂಕಾದಲ್ಲಿ ಈಜಿಪ್ಟ್‌ನ ಅಲ್ ಅಹ್ಲಿಯನ್ನು 2-0 ಸೋಲಿಸಿ ಆಫ್ರಿಕಾದ ಚಾಂಪಿಯನ್ಸ್ ಲೀಗ್ ಕೂಡ ಬಂತು.

ಇನ್ನು ಪೋರ್ಚುಗಲ್ ವಿರುದ್ಧದ ಕ್ವಾರ್ಟರ್‌ಫೈನಲ್. ನನ್ನ ತರಗತಿಯಲ್ಲಿ ಇದನ್ನು ನಿಲ್ಲಿಸಿ ನಿಲ್ಲಿಸಿ ತೋರಿಸುತ್ತೇನೆ. ಹಿಂದಿನ ಸುತ್ತಿನ ಸ್ಪೇನ್ ಪಂದ್ಯದಲ್ಲಿ ಅಗೆರ್ದ್‌ಗೆ ಪೆಟ್ಟಾಗಿತ್ತು. ಲೆಫ್ಟ್ ಬ್ಯಾಕ್ ಮಜ್ರಾವಿಯೂ ಇಲ್ಲ. ಅಂದರೆ ನಾಲ್ವರ ಡಿಫೆನ್ಸ್‌ನಲ್ಲಿ ಇಬ್ಬರು ಇಲ್ಲ. ಎಡಗಡೆಗೆ ಬಂದವನು ಯಾಹ್ಯಾ ಅತಿಯತ್-ಅಲ್ಲಾ, ವಿದಾದ್‌ನವನು. 42ನೇ ನಿಮಿಷದಲ್ಲಿ ಅವನು ಎಡದಿಂದ ಎತ್ತಿದ ಕ್ರಾಸ್‌ಗೆ ಫಾರ್ವರ್ಡ್ ಎನ್-ನೆಸಿರಿ ಗೋಲ್‌ಕೀಪರ್ ಕೈಗಿಂತ ಮೇಲೆ ಜಿಗಿದು ತಲೆ ಕೊಟ್ಟ. ಗೋಲು. ದ್ವಿತೀಯಾರ್ಧದಲ್ಲಿ ನಾಯಕ ಸಾಯಿಸ್ ಸ್ಟ್ರೆಚರ್ ಮೇಲೆ ಹೊರಗೆ ಹೋದ. ಒಳಗೆ ಬಂದವನು ಅಶ್ರಫ್ ದಾರಿ. ಅವನೂ ಹಿಂದಿನ ಸೀಸನ್‌ನಲ್ಲಿ ವಿದಾದ್‌ನಲ್ಲಿ ಇದೇ ಕೋಚ್ ಕೆಳಗೆ ಆಡಿದವನು. ಡಿಫೆನ್ಸ್ ಕುಸಿಯಲಿಲ್ಲ. ಟಿವಿಯಲ್ಲಿ ಅದನ್ನು ಛಲ ಅಂದರು, ಹೃದಯ ಅಂದರು. ಇರಲಿ, ಅದೂ ಇತ್ತು. ಆದರೆ ಆ ಇಬ್ಬರಿಗೆ ಎಲ್ಲಿ ನಿಲ್ಲಬೇಕು, ಯಾವಾಗ ಹೊರಗೆ ನುಗ್ಗಬೇಕು, ಯಾವಾಗ ನುಗ್ಗಬಾರದು ಅನ್ನುವುದು ಕಾಸಾಬ್ಲಾಂಕಾದಲ್ಲಿ ಒಂದು ಇಡೀ ಸೀಸನ್ ತಿದ್ದಿಸಿಕೊಂಡ ಪಾಠ. ಬದಲಿ ಆಟಗಾರ ಬಂದಾಗಲೂ ಪಕ್ಕದವರ ನಡುವಿನ ಅಂತರ ಬದಲಾಗಲಿಲ್ಲ. ಪಂದ್ಯದ ವೀಡಿಯೊ ಸಿಕ್ಕರೆ ಬಾಲ್ ಬಿಟ್ಟು ಅದನ್ನೊಂದೇ ನೋಡಿ.

ಹಾಗಂತ ಆ ಮೂರು ತಿಂಗಳಲ್ಲಿ ಏನೂ ಆಗಲಿಲ್ಲ ಅಂತ ಅಲ್ಲ. ಹಿಂದಿನ ಕೋಚ್ ವಾಹಿದ್ ಹಲಿಲ್‌ಹೊಜಿಚ್ ಜೊತೆ ಮುನಿಸಿಕೊಂಡು ಹಕೀಮ್ ಝಿಯೆಶ್ ರಾಷ್ಟ್ರೀಯ ತಂಡವೇ ಬೇಡ ಅಂದಿದ್ದ. ರೆಗ್ರಾಗಿ ಅವನನ್ನು ವಾಪಸ್ ಕರೆಸಿದರು. ಮಜ್ರಾವಿಯೂ ಬಂದ. ಮುರಿದ ಮಾತುಕತೆಯನ್ನು ಮತ್ತೆ ಕೂಡಿಸಲು ಮೂರು ತಿಂಗಳು ಸಾಕು. ಆದರೆ ವಾಹಿದ್‌ಗೂ ನ್ಯಾಯ ಸಲ್ಲಬೇಕು. ತಂಡಕ್ಕೆ ವಿಶ್ವಕಪ್ ಅರ್ಹತೆ ತಂದುಕೊಟ್ಟವರು ಅವರೇ. ಅಕಾಡೆಮಿ ಕಟ್ಟಿದವರು ಇನ್ಯಾರೋ. ಹೊರದೇಶಗಳಲ್ಲಿ ಹುಟ್ಟಿದ ಮೊರಾಕೊ ಮಕ್ಕಳನ್ನು ವರ್ಷಗಟ್ಟಲೆ ಹುಡುಕಿ ಮಾತಾಡಿಸಿದವರು ಮತ್ತ್ಯಾರೋ. ಕತಾರ್‌ಗೆ ಹೋದ 26 ಜನರಲ್ಲಿ 14 ಮಂದಿ ಮೊರಾಕೊದ ಹೊರಗೆ ಹುಟ್ಟಿದವರು. ಇದೆಲ್ಲ ಮೊದಲೇ ಇತ್ತು.

"ಆದರೆ ಝಿದಾನ್? ದೊಡ್ಡ ಆಟಗಾರ, ನೇರವಾಗಿ ಕೋಚ್ ಆಗಿ ಗೆದ್ದನಲ್ಲ?" ಅನ್ನುತ್ತಾರೆ. ಈ ಪ್ರಶ್ನೆ ಬಂದೇ ಬರುತ್ತದೆ. ಝಿದಾನ್ ರಿಯಲ್ ಮ್ಯಾಡ್ರಿಡ್‌ನಲ್ಲಿ ಮೊದಲು ಆಂಚೆಲೊಟ್ಟಿಗೆ ಸಹಾಯಕ, ಆಮೇಲೆ ಕ್ಲಬ್‌ನ ಎರಡನೇ ತಂಡದ ಕೋಚ್. ಮುಖ್ಯ ತಂಡ ಸಿಕ್ಕಿದ್ದು 2016ರ ಜನವರಿಯಲ್ಲಿ. ಗಾರ್ಡಿಯೋಲಾ ಕೂಡ ಮೊದಲು ಬಾರ್ಸಿಲೋನಾದ ಬಿ ತಂಡವನ್ನು ನಡೆಸಿದರು. ಇನ್ನೊಂದು ಕಡೆ ಇಂಗ್ಲೆಂಡ್‌ನ ಹಳೆಯ ಆಟಗಾರ ಗ್ಯಾರಿ ನೆವಿಲ್ ಇದ್ದಾರೆ. ಇಂಗ್ಲೆಂಡ್ ತಂಡದ ಸಹಾಯಕರಾಗಿದ್ದರು, ಆದರೆ ಯಾವ ಕ್ಲಬ್ಬನ್ನೂ ತಾವೇ ನಡೆಸಿರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಸ್ಪೇನ್‌ನ ವೆಲೆನ್ಸಿಯಾ ಕ್ಲಬ್‌ಗೆ ಕೋಚ್ ಆಗಿ ಬಂದವರು ಮಾರ್ಚ್ ಮುಗಿಯುವುದರೊಳಗೆ ಹೊರಗೆ. ಒಂದೆರಡು ಉದಾಹರಣೆಯಿಂದ ನಿಯಮ ಮಾಡಬಾರದು, ಗೊತ್ತು. ನೇರವಾಗಿ ಬಂದು ಗೆದ್ದವರೂ ಇದ್ದಾರೆ. ಆದರೆ ಅವರನ್ನು ನಂಬಿ ಕ್ಲಬ್‌ನ ದುಡ್ಡು ಹಾಕಿ ಅಂತ ನಾನು ಸಲಹೆ ಕೊಡಲಾರೆ.

ನಮ್ಮ ಕೋರ್ಸ್‌ಗೆ ಹಿಂದೊಮ್ಮೆ ಹಳೆಯ ಫಾರ್ವರ್ಡ್ ಒಬ್ಬರು ಬಂದಿದ್ದರು. ಬೆಂಗಳೂರಿನ ಅಶೋಕನಗರ ಸ್ಟೇಡಿಯಂನಲ್ಲಿ ಅವರ ಎಡಗಾಲು ನೋಡೋಕೆ ಅಂತಲೇ ಜನ ಬರುತ್ತಿದ್ದ ಕಾಲವಿತ್ತು. ಹುಡುಗರಿಗೆ ಫಿನಿಶಿಂಗ್ ಹೇಳಿಕೊಡಿ ಅಂದೆ. ಖುಷಿಯಿಂದ ಶೂ ಕಟ್ಟಿ ತಾವೇ ಹೊಡೆಯಲು ನಿಂತರು. ಈ ಮೂಲೆಗೆ ಒಂದು, ಆ ಮೂಲೆಗೆ ಒಂದು. ಹುಡುಗರು ಚಪ್ಪಾಳೆ ಹೊಡೆದರು. ಒಬ್ಬನ ಕಾಲಿಗೂ ಬಾಲ್ ತಾಗಿರಲಿಲ್ಲ. ಕೊನೆಗೆ ಒಬ್ಬ ಪುಟ್ಟ ಹುಡುಗ ಕೇಳಿದ, "ಸರ್, ಕೀಪರ್ ಎಲ್ಲಿದ್ದಾನೆ ಅಂತ ಯಾವಾಗ ನೋಡ್ತೀರಾ?" ಅವರು ನಿಂತರು. ಯೋಚಿಸಿದರು. "ಗೊತ್ತಿಲ್ಲ ಕಣೋ, ಸುಮ್ನೆ ಹೊಡಿತೀನಿ" ಅಂದರು. ಎಂಥ ಪ್ರಾಮಾಣಿಕ ಮನುಷ್ಯ! ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಅವರು ಒಂದು ಶಾಲೆಯ ಪುಟ್ಟ ಮಕ್ಕಳ ತಂಡ ಹಿಡಿದರು. ಈಗ ಬಹಳ ಒಳ್ಳೆಯ ಕೋಚ್. ಅವರನ್ನೇ ಮೊದಲ ದಿನ ಸೀನಿಯರ್ ತಂಡಕ್ಕೆ ಹಾಕಿ, ಲೀಗ್ ಮುಗಿಯುವಷ್ಟರಲ್ಲಿ ಕಪ್ ಕೇಳಿದ್ದರೆ ಏನಾಗುತ್ತಿತ್ತು ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಕಾಲಾವಕಾಶ ಕೊಟ್ಟರೆ ಗೆಲುವು ಖಾತರಿ ಅಂತಲೂ ನಾನು ಬರೆದುಕೊಡುವುದಿಲ್ಲ. ವಿಶ್ವಕಪ್‌ನಲ್ಲಿ ನಾಲ್ಕನೇ ಸ್ಥಾನ ತಂದ ಇದೇ ರೆಗ್ರಾಗಿ ತಂಡ 2024ರ ಜನವರಿಯಲ್ಲಿ ಆಫ್ರಿಕಾ ಕಪ್‌ನ ಹದಿನಾರರ ಘಟ್ಟದಲ್ಲಿ ದಕ್ಷಿಣ ಆಫ್ರಿಕಾಗೆ 0-2ರಿಂದ ಸೋತಿತು. ಕೊನೆಯ ನಿಮಿಷಗಳಲ್ಲಿ ಹಕೀಮಿ ಹೊಡೆದ ಪೆನಾಲ್ಟಿ ಕ್ರಾಸ್‌ಬಾರ್‌ಗೆ ಬಡಿಯಿತು. ಟೀಕೆ ಜೋರಾಗಿಯೇ ಬಂತು. ಅಲ್ಲಿನ ಫುಟ್‌ಬಾಲ್ ಸಂಸ್ಥೆ ಅವರನ್ನು ತೆಗೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮೊರಾಕೊ 2026ರ ವಿಶ್ವಕಪ್‌ಗೆ ಅರ್ಹತೆ ಪಡೆದ ಆಫ್ರಿಕಾದ ಮೊದಲ ತಂಡವಾಯಿತು.

ಕೋಚ್ ಹುಡುಕುತ್ತಿರುವ ಕ್ಲಬ್‌ನವರಿಗೆ ನನ್ನ ಸಲಹೆ ಇಷ್ಟು. ಸಂದರ್ಶನದಲ್ಲಿ ಗೆದ್ದ ಕಪ್‌ಗಳ ಪಟ್ಟಿ ಕೇಳಬೇಡಿ, ಅದು ಬಯೋಡೇಟಾದಲ್ಲೇ ಇರುತ್ತದೆ. ಸತತವಾಗಿ ಸೋತ ತಿಂಗಳಲ್ಲಿ ಯಾರನ್ನು ಬೆಂಚಿಗೆ ಕಳಿಸಿದಿರಿ, ಆ ಹುಡುಗ ಈಗ ಎಲ್ಲಿ ಆಡುತ್ತಿದ್ದಾನೆ ಅಂತ ಕೇಳಿ. ಹುಡುಗನ ಹೆಸರು ಥಟ್ಟನೆ ಬಂದರೆ ಅವರ ಜೊತೆ ಇನ್ನೂ ಅರ್ಧ ಗಂಟೆ ಮಾತಾಡಿ. ಒಪ್ಪಂದಕ್ಕೆ ಕನಿಷ್ಠ ಎರಡು ಸೀಸನ್ ಅಂತ ಬರೆಯಿರಿ, ವಕೀಲರಿಗೆ ಒಮ್ಮೆ ತೋರಿಸಿ. ಆಮೇಲೆ ಬನ್ನಿ, ಸಂಬಳದ ವಿಷಯ ಮಾತಾಡೋಣ.