ಎಲ್ಲವೂ ಇರುವ ಮಗುವಿಗೆ ಇನ್ನೇನು ಕೊಡೋದು?

ಡಿಸೆಂಬರ್ ಬಂತೆಂದರೆ ಅಮೆರಿಕದ ಕನ್ನಡ ಮನೆಗಳ ವಾಟ್ಸ್‌ಆಪ್ ಗ್ರೂಪುಗಳಲ್ಲಿ ಒಂದು ಪ್ರಶ್ನೆ ಓಡಾಡತೊಡಗುತ್ತದೆ: ‘ಪುಟ್ಟಿಗೆ ಏನು ತರೋಣ?’ ಅಪ್ಪ ಅಮ್ಮನ ಉತ್ತರ ಪ್ರತಿವರ್ಷ ಒಂದೇ: ‘ಏನೂ ಬೇಡ, ಎಲ್ಲ ಇದೆ.’ ಈ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೈಸೂರಿನ ಅಜ್ಜಿ ಸೂಟ್‌ಕೇಸಿನಲ್ಲಿ ಜಾಗ ಮಾಡಿಕೊಳ್ಳುತ್ತಾರೆ. ನ್ಯೂಜೆರ್ಸಿಯ ಸೋದರಮಾವ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿಬಿಡುತ್ತಾನೆ. ಪಕ್ಕದ ಮನೆಯವರು ಕ್ರಿಸ್‌ಮಸ್ ಪೊಟ್ಟಣ ಹಿಡಿದು ಬರುತ್ತಾರೆ. ಜನವರಿ ಹೊತ್ತಿಗೆ ಹಾಲ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಂಗಳೂರಿನ ಕಥೆಯೂ ಏನು ಬೇರೆಯಲ್ಲ. ಇಲ್ಲಿ ಬರ್ತ್‌ಡೇ ಮತ್ತು ರಿಟರ್ನ್ ಗಿಫ್ಟ್‌ಗಳು ಆ ಕೆಲಸವನ್ನು ವರ್ಷವಿಡೀ ಮಾಡುತ್ತವೆ.

ಸಾಮಾನು ಎಷ್ಟಿದೆ ಅಂತ ಕೂತು ಎಣಿಸಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರು ಮತ್ತು ಪುರಾತತ್ವಜ್ಞರು 2001ರಿಂದ 2005ರವರೆಗೆ ಲಾಸ್ ಏಂಜಲೀಸ್‌ನ 32 ಮಧ್ಯಮ ವರ್ಗದ ಮನೆಗಳನ್ನು ಹೊಕ್ಕು, ಕಣ್ಣಿಗೆ ಕಾಣುವ ವಸ್ತುಗಳನ್ನೆಲ್ಲ ದಾಖಲಿಸಿದರು. ಮೊದಲು ಲೆಕ್ಕ ಹಾಕಿದ ಮನೆಯ ಬರೀ ಮೂರು ಕೋಣೆಗಳಲ್ಲಿ 2,260 ವಸ್ತುಗಳಿದ್ದವು. ಬೀರುವಿನ ಒಳಗಿದ್ದದ್ದು ಇದರಲ್ಲಿ ಸೇರಿಲ್ಲ! ಪ್ರಪಂಚದ ಮಕ್ಕಳಲ್ಲಿ ಶೇ 3.1ರಷ್ಟು ಮಾತ್ರ ಅಮೆರಿಕದವರು, ಆದರೆ ಪ್ರಪಂಚದ ಆಟಿಕೆಗಳಲ್ಲಿ ಶೇ 40ಕ್ಕಿಂತ ಜಾಸ್ತಿ ಅಲ್ಲಿಗೇ ಹೋಗುತ್ತವೆ ಎಂದು ಅವರು ಬರೆದರು.

ಇದ್ದರೆ ಇರಲಿ, ಮಗು ಆಡಿಕೊಳ್ಳುತ್ತೆ ಬಿಡಿ ಅನ್ನಬಹುದು. ಆದರೆ ಆಡುತ್ತದೆಯೇ? ಒಹಾಯೊದ ಟೊಲೆಡೊ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೂವರೆ ವರ್ಷದಿಂದ ಎರಡೂವರೆ ವರ್ಷದ 36 ಮಕ್ಕಳು. ಪ್ರತಿ ಮಗುವಿಗೂ ಒಂದು ಸಲ ನಾಲ್ಕು ಆಟಿಕೆ ಇರುವ ಕೋಣೆ, ಇನ್ನೊಂದು ಸಲ ಹದಿನಾರು ಆಟಿಕೆ ಇರುವ ಕೋಣೆ. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದು ಆಟಿಕೆಯ ಜತೆ ಹೆಚ್ಚು ಹೊತ್ತು ಕಳೆದರು. ಅದನ್ನು ಹೆಚ್ಚು ಬಗೆಯಲ್ಲಿ ಬಳಸಿದರು. ಹದಿನಾರಿದ್ದಾಗ ಒಂದನ್ನು ಎತ್ತಿಕೊಂಡರು, ಬಿಟ್ಟರು, ಮುಂದಿನದಕ್ಕೆ ಹೋದರು.

ಕಾರಣ ಸರಳ. ಈ ವಯಸ್ಸಿನಲ್ಲಿ ಗಮನದ ಲಗಾಮು ಇನ್ನೂ ಮಗುವಿನ ಕೈಗೆ ಪೂರ್ತಿ ಬಂದಿರುವುದಿಲ್ಲ. ಕಣ್ಣಂಚಿನಲ್ಲಿ ಕೆಂಪು ಬಣ್ಣದ್ದೇನೋ ಕಂಡರೆ ಕೈಯಲ್ಲಿರುವುದು ಬಿದ್ದುಹೋಗುತ್ತದೆ. ಹಾಗಾಗಿ ತುಂಬಿದ ಮನೆಯ ಮಗುವಿಗೆ ಹದಿನೇಳನೆಯ ಆಟಿಕೆ ಕೊಟ್ಟರೆ, ಉಳಿದ ಹದಿನಾರಕ್ಕೆ ಸಿಗುತ್ತಿದ್ದ ಹೊತ್ತಿನಿಂದಲೂ ಒಂದಷ್ಟು ಕಿತ್ತುಕೊಂಡ ಹಾಗೆ.

ಕೊಡುವವರು ನಾವು ಎಡವುವುದು ಇನ್ನೊಂದು ಕಡೆ. ಉಡುಗೊರೆ ಕೊಳ್ಳುವಾಗ ನಮ್ಮ ಕಣ್ಣ ಮುಂದೆ ಇರುವುದು ಪೊಟ್ಟಣ ಬಿಚ್ಚುವ ಆ ಒಂದು ಗಳಿಗೆ. ಬಿಚ್ಚಿದ ಕೂಡಲೇ ಮಗು ‘ವಾವ್’ ಅನ್ನಬೇಕು, ಅದನ್ನು ಫೋನಿನಲ್ಲಿ ಹಿಡಿಯಬೇಕು. ಪಡೆದವರಿಗೆ ಬೇಕಿರುವುದು ಆಮೇಲಿನ ದಿನಗಳಲ್ಲಿ ಉಪಯೋಗಕ್ಕೆ ಬರುವಂಥದ್ದು. ದೊಡ್ಡವರ ಉಡುಗೊರೆಗಳ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಈ ಅಂತರ ಚೆನ್ನಾಗಿ ಕಂಡಿದೆ. ಮಕ್ಕಳ ವಿಷಯದಲ್ಲಿ ಇದು ಇನ್ನೂ ಜಾಸ್ತಿ ಇರಬೇಕು ಅಂತ ನನ್ನ ಗುಮಾನಿ. ಹೊಸತು ಹಳತಾಗುವ ವೇಗ ಅವರಲ್ಲಿ ಅಷ್ಟಿದೆ. ಒಂದೇ ಚಿತ್ರವನ್ನು ಮತ್ತೆ ಮತ್ತೆ ತೋರಿಸಿದರೆ ಹಸುಗೂಸುಗಳು ಅದನ್ನು ನೋಡುವ ಹೊತ್ತು ಕಡಿಮೆಯಾಗುತ್ತಾ ಹೋಗುತ್ತದೆ, ಹೊಸ ಚಿತ್ರದ ಕಡೆ ಕಣ್ಣು ಹೊರಳುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಫ್ಯಾಂಟ್ಸ್ 1964ರಲ್ಲೇ ತೋರಿಸಿದ್ದ. ಒತ್ತಿದರೆ ಹಾಡುವ, ಹಾಡಿ ಮುಗಿಸಿದರೆ ಬೇರೇನೂ ಮಾಡದ ಆಟಿಕೆ ಹೀಗೇ ಬೇಗ ಹಳತಾಗುತ್ತದೆ.

ಹಾಗಾದರೆ ಯಾವುದು ಬೇಗ ಹಳತಾಗುವುದಿಲ್ಲ? ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗವಿದೆ. ಎಲಿಜಬೆತ್ ಬೊನಾವಿಟ್ಸ್, ಲಾರಾ ಶುಲ್ಜ್ ಮತ್ತು ಸಂಗಡಿಗರು ಪ್ಲಾಸ್ಟಿಕ್ ಪೈಪುಗಳನ್ನು ಜೋಡಿಸಿ ತಾವೇ ಒಂದು ವಿಚಿತ್ರ ಆಟಿಕೆ ಮಾಡಿದರು. ಅದರಲ್ಲಿ ನಾಲ್ಕು ಗುಟ್ಟುಗಳು. ಒಂದು ಕೊಳವೆಯನ್ನು ಎಳೆದರೆ ಕೀಚ್ ಅನ್ನುತ್ತದೆ. ಇನ್ನೊಂದರ ತುದಿಯಲ್ಲಿ ಅಡಗಿರುವ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಒಂದು ಕಡೆ ಮುಟ್ಟಿದರೆ ಸ್ವರ ಬರುತ್ತದೆ. ಮತ್ತೊಂದರೊಳಗೆ ಇಣುಕಿದರೆ ಕನ್ನಡಿಯಲ್ಲಿ ಮುಖ ತಲೆಕೆಳಗಾಗಿ ಕಾಣುತ್ತದೆ. ಕೆಲವು ಮಕ್ಕಳಿಗೆ ಸಂಶೋಧಕಿ ‘ನೋಡು, ಇದು ಹೇಗೆ ಕೆಲಸ ಮಾಡುತ್ತೆ ತೋರಿಸ್ತೀನಿ’ ಅಂತ ಕೊಳವೆ ಎಳೆದು ಕೀಚ್ ಅನ್ನಿಸಿದರು. ಇನ್ನು ಕೆಲವರ ಎದುರು, ತಮಗೂ ಅದು ಹೊಸದು ಅನ್ನುವ ಹಾಗೆ ನಟಿಸುತ್ತಾ, ಆಕಸ್ಮಿಕವಾಗಿ ಎಳೆದಂತೆ ಮಾಡಿದರು. ಆಮೇಲೆ ಆಟಿಕೆಯನ್ನು ಮಗುವಿನ ಕೈಗೆ ಕೊಟ್ಟು ಸುಮ್ನೆ ಕೂತರು.

ಪಾಠ ಹೇಳಿಸಿಕೊಂಡ ಮಕ್ಕಳು ಕೀಚ್ ಕೀಚ್ ಅನ್ನಿಸಿ ಬೇಗ ಕೈಬಿಟ್ಟರು. ಆಕಸ್ಮಿಕ ನೋಡಿದ ಮಕ್ಕಳು ಹೆಚ್ಚು ಹೊತ್ತು ತಡಕಾಡಿದರು, ಹೆಚ್ಚು ಗುಟ್ಟುಗಳನ್ನು ಪತ್ತೆ ಮಾಡಿದರು. ದೊಡ್ಡವರು ‘ಇದು ಹೀಗೆ’ ಅಂದರೆ ಅಲ್ಲಿಗೆ ಮುಗಿಯಿತು, ಇನ್ನೇನಾದರೂ ಇದ್ದಿದ್ದರೆ ಹೇಳುತ್ತಿದ್ದರು ಅಂತ ಮಗು ತರ್ಕಿಸುತ್ತದೆ. ಜಾಣ ತರ್ಕವೇ! 2011ರಲ್ಲಿ ಬಂದ ಈ ಲೇಖನ ಓದಿದ ಮೇಲೆ, ಪೊಟ್ಟಣ ಬಿಚ್ಚಿದ ತಕ್ಷಣ ಮಗುವಿನ ಕೈಯಿಂದ ಕಿತ್ತುಕೊಂಡು ‘ಹೀಗೆ ಆಡಬೇಕು ಪುಟ್ಟಾ’ ಅನ್ನುವ ಮಾವಂದಿರನ್ನು ನೋಡಿದರೆ ನನಗೆ ಕಸಿವಿಸಿಯಾಗುತ್ತದೆ. ಡಬ್ಬದ ಮೇಲೆ ಹತ್ತು ಉಪಯೋಗ ಅಚ್ಚು ಹಾಕಿರುವ ಆಟಿಕೆಯೂ ಆ ಮಾವನ ಕೆಲಸವನ್ನೇ ಮಾಡುತ್ತದೆ.

ಖಾಲಿ ರಟ್ಟಿನ ಡಬ್ಬದ ಮೇಲೆ ಅಂಥದ್ದೇನೂ ಬರೆದಿರುವುದಿಲ್ಲ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಹೆಸರು ಮಾಡಿದ ಆಟಿಕೆಗಳನ್ನು ಸೇರಿಸಿ ಗೌರವಿಸುವ ಒಂದು ‘ಹಾಲ್ ಆಫ್ ಫೇಮ್’ ಇದೆ. ಅಲ್ಲಿ 2005ರಲ್ಲಿ ರಟ್ಟಿನ ಡಬ್ಬಕ್ಕೂ 2008ರಲ್ಲಿ ಮರದ ಕಡ್ಡಿಗೂ ಜಾಗ ಸಿಕ್ಕಿತು. ಜರ್ಮನಿಯ ಬವೇರಿಯಾದಲ್ಲಿ 1992ರಲ್ಲಿ ಇನ್ನೂ ಮುಂದಕ್ಕೆ ಹೋದರು. ಪೆನ್ಸ್‌ಬರ್ಗ್ ಎಂಬ ಊರಿನ ಶಿಶುವಿಹಾರದಲ್ಲಿ ಆಟಿಕೆಗಳನ್ನೆಲ್ಲ ಮೂರು ತಿಂಗಳು ರಜೆಗೆ ಕಳಿಸಿದರು. ಉಳಿದದ್ದು ಮೇಜು, ಕುರ್ಚಿ, ಹೊದಿಕೆ ಇಷ್ಟೇ. ಇದು ಶುರುವಾದದ್ದು ದೊಡ್ಡವರಾದ ಮೇಲೆ ಚಟಕ್ಕೆ ಬೀಳದಂತೆ ಮಕ್ಕಳನ್ನು ಗಟ್ಟಿ ಮಾಡಬೇಕೆಂಬ ಯೋಜನೆಯ ಭಾಗವಾಗಿ. ಅಷ್ಟು ದೂರದ ಫಲ ಸಿಗುತ್ತದೆಯೋ ಏನೋ, ಮನೆಯಲ್ಲಿ ಮೂರು ತಿಂಗಳು ಇದನ್ನು ಮಾಡುವ ಧೈರ್ಯ ನನಗಂತೂ ಇಲ್ಲ. ಅರ್ಧ ಆಟಿಕೆಗಳನ್ನು ಅಟ್ಟಕ್ಕೆ ಹಾಕಿ, ಒಂದೆರಡು ತಿಂಗಳ ಮೇಲೆ ಅವನ್ನು ಇಳಿಸಿ ಇವನ್ನು ಹತ್ತಿಸುವುದು ಸಾಕು. ಅಟ್ಟದಿಂದ ಇಳಿದದ್ದು ಮಗುವಿಗೆ ಹೊಸ ಉಡುಗೊರೆಯೇ. ಖರ್ಚು ಸೊನ್ನೆ.

ಇನ್ನು ಮಾತಾಡುವ ಆಟಿಕೆಗಳು. ‘ಭಾಷೆ ಕಲಿಸುತ್ತೆ’ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ, ಅಲ್ವಾ? ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಆನಾ ಸೋಸಾ 10ರಿಂದ 16 ತಿಂಗಳ ಕೂಸುಗಳಿರುವ 26 ಮನೆಗಳಲ್ಲಿ ಮಾತುಗಳನ್ನು ರೆಕಾರ್ಡ್ ಮಾಡಿದರು. ದೀಪ, ಸದ್ದಿನ ಎಲೆಕ್ಟ್ರಾನಿಕ್ ಆಟಿಕೆ ಹಿಡಿದು ಆಡುವಾಗ ದೊಡ್ಡವರು ನಿಮಿಷಕ್ಕೆ ಸುಮಾರು 40 ಪದ ಆಡುತ್ತಿದ್ದರು. ಮರದ ಪಜಲ್, ಬ್ಲಾಕ್ಸ್ ಇದ್ದಾಗ 56. ದಪ್ಪ ರಟ್ಟಿನ ಚಿತ್ರಪುಸ್ತಕ ಇದ್ದಾಗ 67. ಆಟಿಕೆ ಬಾಯಿ ಬಿಟ್ಟರೆ ಅಮ್ಮ ಬಾಯಿ ಮುಚ್ಚುತ್ತಾಳೆ! ಅಮೆರಿಕದಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಇದು ಸಣ್ಣ ವಿಷಯವಲ್ಲ. ಅದರ ಕಿವಿಗೆ ಬೀಳುವ ಕನ್ನಡವೆಲ್ಲ ಮನೆಯವರ ಬಾಯಿಂದಲೇ ಬರಬೇಕು.

ಈಗೀಗ ಒಂದು ಸಲಹೆ ಎಲ್ಲೆಡೆ ಕೇಳಿಬರುತ್ತಿದೆ: ವಸ್ತು ಕೊಡಬೇಡಿ, ಅನುಭವ ಕೊಡಿ. ಮೃಗಾಲಯಕ್ಕೆ ಕರೆದೊಯ್ಯಿರಿ, ಈಜು ಕ್ಲಾಸಿಗೆ ಹಾಕಿ. ದೊಡ್ಡವರಿಗೆ ಇದು ಹೊಂದುತ್ತದೆ ಅನ್ನುವುದಕ್ಕೆ ಆಧಾರವಿದೆ. ಪುಟ್ಟ ಮಕ್ಕಳಿಗೆ? ಲ್ಯಾನ್ ಚಾಪ್ಲಿನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 3ರಿಂದ 12 ವರ್ಷದವರಿಗೆ ಅನುಭವಕ್ಕಿಂತ ವಸ್ತುಗಳೇ ಹೆಚ್ಚು ಖುಷಿ ಕೊಟ್ಟಿದ್ದವು. ಅದು ತಿರುಗುಮುರುಗಾಗುವುದು ಹದಿಹರೆಯದಲ್ಲಿ. ಹೋದ ತಿಂಗಳ ಪ್ರವಾಸವನ್ನು ನೆನೆದು ಸವಿಯಲು ಗಟ್ಟಿ ನೆನಪು ಬೇಕು. ಮೂರರ ಮಗುವಿಗೆ ಅದು ಇನ್ನೂ ಬೆಳೆಯುತ್ತಿದೆ. ಗೊಂಬೆಯಾದರೆ ಕೈಯಲ್ಲೇ ಇರುತ್ತದೆ. ಹಾಗಾಗಿ ಮಗು ಗೊಂಬೆ ಕೇಳಿದರೆ ಅದಕ್ಕೆ ದುರಾಸೆ ಅನ್ನಬೇಡಿ. ಮೃಗಾಲಯಕ್ಕೆ ಹೋದರೂ ಅಲ್ಲಿಂದ ಒಂದು ಪುಟ್ಟ ಮರದ ಆನೆ ತನ್ನಿ, ನಾಲ್ಕು ಫೋಟೊ ಪ್ರಿಂಟ್ ಹಾಕಿಸಿ ಕೈಗೆ ಸಿಗುವ ಹಾಗೆ ಇಡಿ.

ನನ್ನನ್ನು ಕೇಳಿದರೆ ತುಂಬಿದ ಮನೆಗೆ ಖರ್ಚಾಗಿ ಹೋಗುವಂಥದ್ದನ್ನು ಒಯ್ಯಬೇಕು: ಕ್ರೇಯಾನ್, ದೊಡ್ಡ ಹಾಳೆಯ ಸುರುಳಿ, ಜೇಡಿಮಣ್ಣು, ಕುಂಡದಲ್ಲಿ ಹಾಕಲು ಮೆಂತ್ಯ, ಬೀನ್ಸ್ ಬೀಜ. ಇಲ್ಲವೇ ಈಗಾಗಲೇ ಇರುವುದಕ್ಕೆ ಸೇರಿಕೊಳ್ಳುವಂಥದ್ದು. ಬ್ಲಾಕ್ಸ್ ಇದ್ದರೆ ಇನ್ನಷ್ಟು ಬ್ಲಾಕ್ಸ್, ಗೋಪುರ ಎತ್ತರವಾಗುತ್ತದೆ. ಚನ್ನಪಟ್ಟಣದ ಅಡುಗೆ ಸೆಟ್ ಅಜ್ಜಿಯ ಸೂಟ್‌ಕೇಸಿನಲ್ಲಿ ಜಾಗ ಗಿಟ್ಟಿಸಿಕೊಳ್ಳಲು ಯೋಗ್ಯ. ಹಾಲೆ ಮರವನ್ನು ಕಡೆದು, ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೆ ಕರಗಿಸಿ ಹಚ್ಚಿದ ಬಣ್ಣ ಅದು. ಆ ಪಾತ್ರೆಯಲ್ಲಿ ಏನು ಬೇಯಿಸಬೇಕೆಂದು ಮಗುವೇ ಹೇಳಬೇಕು. ಕಥೆಪುಸ್ತಕವಾದರೆ ಒಂದೇ ಸಾಕು. ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳಿದ ಮೂರು ವರ್ಷದವರು, ಬೇರೆ ಬೇರೆ ಕಥೆ ಕೇಳಿದವರಿಗಿಂತ ಹೊಸ ಪದಗಳನ್ನು ಚೆನ್ನಾಗಿ ಕಲಿತರು ಎಂದು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಅಧ್ಯಯನ ಹೇಳುತ್ತದೆ. ‘ಇನ್ನೊಂದ್ಸಲ’ ಅನ್ನುವ ಮಗುವಿಗೆ ಓದಿ ಹೇಳುವ ತಾಳ್ಮೆ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ಏನೇ ತಂದರೂ ಬಟನ್ ಸೆಲ್ (ಗುಂಡಿಯಂಥ ಪುಟ್ಟ ಚಪ್ಪಟೆ ಬ್ಯಾಟರಿ) ಇರುವ ಅಗ್ಗದ ಆಟಿಕೆಯಿಂದ ದೂರವಿರಿ. ಮಗು ಸೆಲ್ ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟುಹೋಗಬಹುದು. ಸೆಲ್ ಇರುವ ಜಾಗದ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ.

ಕೊನೆಗೆ, ಮಗುವಿಗೆ ಪಡೆಯುವುದನ್ನಷ್ಟೇ ಏಕೆ ಕೊಡಬೇಕು? ಲಾರಾ ಆಕ್ನಿನ್ ಮತ್ತು ಜತೆಗಾರರು ಕೆನಡಾದಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಬಟ್ಟಲ ತುಂಬ ಪುಟ್ಟ ಬಿಸ್ಕತ್ತು ಕೊಟ್ಟರು. ಎದುರಿಗೊಂದು ಕೈಗೊಂಬೆ, ಅದು ಬಿಸ್ಕತ್ತು ‘ತಿನ್ನುತ್ತದೆ’. ಮಕ್ಕಳ ಮುಖದ ಖುಷಿಯನ್ನು ಅಳೆದಾಗ, ತಾವು ಪಡೆದಾಗಿನದಕ್ಕಿಂತ ಗೊಂಬೆಗೆ ಕೊಟ್ಟಾಗ ಅದು ಜಾಸ್ತಿ ಇತ್ತು. ಸಂಶೋಧಕಿ ಎಲ್ಲಿಂದಲೋ ತೆಗೆದುಕೊಟ್ಟ ಬಿಸ್ಕತ್ತಿಗಿಂತ ತಮ್ಮ ಬಟ್ಟಲಿನದನ್ನೇ ಕೊಟ್ಟಾಗ ಇನ್ನೂ ಜಾಸ್ತಿ. ಅಜ್ಜಿಗೆ ಕೊಡುವ ಉಡುಗೊರೆಯನ್ನು ಈ ಸಲ ಮಗುವೇ ಆರಿಸಲಿ, ಅದರದೇ ಆಟಿಕೆಯಾದರೂ ಸರಿ. ಕಾಗದ ವಕ್ರವಾಗಿ ಸುತ್ತುತ್ತದೆ, ಅರ್ಧ ಟೇಪು ಅದಕ್ಕೇ ಮುಗಿಯುತ್ತದೆ. ಅಜ್ಜಿಯ ಕೈಗೆ ಒಂದು ಚಕ್ರ ಕಳಚಿದ ಕಾರು ಬರಬಹುದು. ಅಷ್ಟಕ್ಕೆ ಅವರನ್ನು ಮೊದಲೇ ತಯಾರು ಮಾಡಿಡಿ.