ಮರ್ಡರ್ (2004): ತಪ್ಪು ಯಾರ ತಲೆಗೆ? ಒಂದು ಅಧ್ಯಯನ ಟಿಪ್ಪಣಿ

ತುಮಕೂರಿನಲ್ಲಿ ಪತ್ರಿಕೋದ್ಯಮ ಓದುತ್ತಾ ಸಿನಿಮಾ ಅಧ್ಯಯನದ ಪತ್ರಿಕೆ ತೆಗೆದುಕೊಂಡಿರುವ ಗೆಳೆಯ ಗೆಳತಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. 'ರೂಪಾಂತರ' ಎಂಬ ಅಧ್ಯಾಯ ಬಂದಾಗ ನಾವೆಲ್ಲ ಕಾದಂಬರಿಯಿಂದ ಸಿನಿಮಾ ಆದ ಉದಾಹರಣೆಗಳನ್ನೇ ಬರೆಯುತ್ತೇವೆ. ಸಿನಿಮಾದಿಂದ ಸಿನಿಮಾ ಆದದ್ದನ್ನು, ಅದರಲ್ಲೂ 'ಎ' ಸರ್ಟಿಫಿಕೇಟಿನ ಹಿಂದಿ ಥ್ರಿಲ್ಲರನ್ನು, ಕೈಗೆತ್ತಿಕೊಳ್ಳಲು ಎಲ್ಲರಿಗೂ ಸಂಕೋಚ. 'ಮರ್ಡರ್' ಎಂದರೆ ಬಹಳ ಮಂದಿಗೆ ಪೋಸ್ಟರಷ್ಟೇ ನೆನಪು. ಆದರೆ ದಾಂಪತ್ಯದ್ರೋಹದ ಕಥೆಯನ್ನು ನಮ್ಮ ಸಮಾಜ ಯಾವ ಷರತ್ತಿನ ಮೇಲೆ ಒಪ್ಪಿಕೊಳ್ಳುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಮೊದಲು ಬೇಕಾದಷ್ಟು ಮಾಹಿತಿ. ನಿರ್ದೇಶನ ಅನುರಾಗ್ ಬಸು, ನಿರ್ಮಾಣ ಭಟ್ ಸೋದರರ ವಿಶೇಷ್ ಫಿಲ್ಮ್ಸ್, ಬಿಡುಗಡೆ 2004ರ ಏಪ್ರಿಲ್. ಸಿಮ್ರನ್ ಆಗಿ ಮಲ್ಲಿಕಾ ಶೆರಾವತ್, ಗಂಡ ಸುಧೀರ್ ಆಗಿ ಅಶ್ಮಿತ್ ಪಟೇಲ್, ಹಳೆಯ ಪ್ರೇಮಿ ಸನ್ನಿಯಾಗಿ ಇಮ್ರಾನ್ ಹಶ್ಮಿ. ಕಥೆ ನಡೆಯುವುದು ಬ್ಯಾಂಕಾಕಿನಲ್ಲಿ. ಸಂಗೀತ ಅನು ಮಲಿಕ್. ಇದರ ಹಾಡೊಂದಕ್ಕೆ ಫಿಲ್ಮ್‌ಫೇರ್ ಪಡೆದ ಕುನಾಲ್ ಗಾಂಜಾವಾಲಾ ಮರುವರ್ಷವೇ ಪುನೀತ್ ರಾಜ್‌ಕುಮಾರ್ ಅವರ 'ಆಕಾಶ್'ಗೆ ಹಾಡಿದರು, ಹಾಗಾಗಿ ಆ ದನಿ ನಮಗೆ ಅಪರಿಚಿತವಲ್ಲ.

ಈಗ ವಂಶಾವಳಿ. ಇದನ್ನು ಪಕ್ಕಾ ಮಾಡಿಕೊಳ್ಳಿ, ಉತ್ತರದ ಅರ್ಧ ತೂಕ ಇಲ್ಲಿದೆ. 1969ರಲ್ಲಿ ಫ್ರಾನ್ಸಿನ ಕ್ಲೋದ್ ಶಬ್ರೋಲ್ ಒಂದು ಚಿತ್ರ ಮಾಡಿದರು. ಹೆಂಡತಿಗೆ ಪ್ರೇಮಿಯಿದ್ದಾನೆಂದು ಪತ್ತೇದಾರನ ಮೂಲಕ ತಿಳಿದ ಗಂಡ ಅವನ ಮನೆಗೆ ಹೋಗಿ ಅವನನ್ನು ಕೊಲ್ಲುತ್ತಾನೆ. ಅದನ್ನೇ ಏಡ್ರಿಯನ್ ಲೈನ್ 2002ರಲ್ಲಿ ರಿಚರ್ಡ್ ಗೇರ್, ಡಯೇನ್ ಲೇನ್ ಜೋಡಿಯೊಂದಿಗೆ ಅಮೆರಿಕಕ್ಕೆ ತಂದರು. ಹಿಂದಿಯ 'ಮರ್ಡರ್' ಈ ಅಮೆರಿಕನ್ ಚಿತ್ರದ ಎಳೆ ಹಿಡಿದು ಹೊರಟದ್ದು. ಮೊದಲ ಎರಡರಲ್ಲಿ ಗಂಡ ನಿಜವಾಗಿಯೂ ಕೊಲೆಗಾರ. ಹೆಂಡತಿಗೆ ಅದು ಗೊತ್ತಾಗುತ್ತದೆ, ಗೊತ್ತಾದ ಮೇಲೂ ಜೊತೆಗೇ ಇರುತ್ತಾಳೆ. ಶಬ್ರೋಲ್‌ನ ಚಿತ್ರದಲ್ಲಿ ಅವಳು ಪ್ರೇಮಿಯ ಫೋಟೋವನ್ನು ಗಂಡನ ಜೇಬಿನಲ್ಲಿ ಕಂಡು ಸುಮ್ಮನೆ ಸುಟ್ಟುಹಾಕುತ್ತಾಳೆ. ಒಂದು ಮಾತಿಲ್ಲ. ಆ ಗಳಿಗೆಯಿಂದ ಅಪರಾಧದಲ್ಲಿ ಇಬ್ಬರೂ ಪಾಲುದಾರರು.

ಹಿಂದಿಗೆ ಬಂದಾಗ ಎರಡು ಜಾಗದಲ್ಲಿ ಕಥೆ ತಿರುಗಿತು. ನನ್ನ ಮಾತೆಲ್ಲ ಈ ಎರಡು ತಿರುವಿನ ಬಗ್ಗೆ.

ಒಂದನೆಯದು, ಹೆಂಡತಿ ಯಾಕೆ ಹೊರಗೆ ಕಾಲಿಟ್ಟಳು ಎಂಬುದು. ಫ್ರೆಂಚ್, ಅಮೆರಿಕನ್ ಚಿತ್ರಗಳು ಇದಕ್ಕೆ ಕಾರಣ ಕೊಡುವುದಿಲ್ಲ. ಗಂಡ ಒಳ್ಳೆಯವನು, ಮಗ ಮುದ್ದಾಗಿದ್ದಾನೆ, ಮನೆ ಚೆನ್ನಾಗಿದೆ, ಆದರೂ ಹೋಗುತ್ತಾಳೆ. ಆ ಚಿತ್ರಗಳು ನಮ್ಮನ್ನು ಕಂಗೆಡಿಸುವುದೇ ಇದಕ್ಕೆ. ಹಿಂದಿಯಲ್ಲಿ ಕಾರಣ ಇದೆ: ಸುಧೀರ್ ಮೊದಲು ಸಿಮ್ರನ್‌ಳ ಅಕ್ಕನ ಗಂಡ. ಅಕ್ಕ ತೀರಿಕೊಂಡ ಮೇಲೆ ಮಗುವಿನ ಸಲುವಾಗಿ ತಂಗಿ ಭಾವನನ್ನು ಮದುವೆಯಾಗಿದ್ದಾಳೆ. ಗಂಡನಿಗೆ ಕೆಲಸವೇ ಲೋಕ. ಅವಳು ಆ ಮನೆಯಲ್ಲಿ ಹೆಂಡತಿಗಿಂತ ಹೆಚ್ಚಾಗಿ ಮಗುವಿಗೆ ತಾಯಿ.

ಸಿರಾ, ಮಧುಗಿರಿ, ಪಾವಗಡ ಕಡೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಮಗು ಪರಕೀಯರ ಕೈಗೆ ಹೋಗಬಾರದು' ಎಂದು ಚಿಕ್ಕವಳನ್ನು ಭಾವನಿಗೇ ಕೊಟ್ಟ ಮನೆಗಳು ನಮ್ಮ ಊರುಗಳಲ್ಲಿವೆ. ಹುಡುಗಿಯ ಮನಸ್ಸಿನಲ್ಲಿ ಏನಿತ್ತೆಂದು ಆಗ ಕೇಳಿದವರು ಕಡಿಮೆ. ನಮ್ಮ ಚರ್ಚೆಯಲ್ಲಿ ಪಾವಗಡದ ಗೆಳತಿಯೊಬ್ಬಳು ಈ ಭಾಗ ಬಂದಾಗ ಉಳಿದೆಲ್ಲ ದೃಶ್ಯಗಳನ್ನೂ ಬಿಟ್ಟು ಇದರ ಬಗ್ಗೆಯೇ ಮಾತಾಡಿದಳು. ಬ್ಯಾಂಕಾಕಿನ ಗಾಜಿನ ಕಟ್ಟಡಗಳ ನಡುವೆ ಚಿತ್ರ ಮುಟ್ಟಿದ್ದು ನಮ್ಮ ಹಳ್ಳಿಮನೆಯ ನಡುಮನೆಯನ್ನು. ಈ ಬದಲಾವಣೆ ಬರೆದವರ ಜಾಣ್ಮೆಗೆ ನನ್ನ ಮೆಚ್ಚುಗೆ ಇದೆ. ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. ಕಾರಣ ಸಿಕ್ಕ ಕೂಡಲೇ ಸಿಮ್ರನ್ ಕನಿಕರಕ್ಕೆ ಪಾತ್ರಳಾಗುತ್ತಾಳೆ, ನಿರ್ಧಾರ ಮಾಡಿದವಳಾಗಿ ಉಳಿಯುವುದಿಲ್ಲ. 'ಪಾಪ, ಅವಳಾದರೂ ಏನು ಮಾಡಿಯಾಳು' ಎಂದು ನಾವು ಅವಳ ಬಯಕೆಯನ್ನೇ ಅವಳಿಂದ ಕಿತ್ತುಕೊಳ್ಳುತ್ತೇವೆ.

ಬ್ಯಾಂಕಾಕ್ ಯಾಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ತುಮಕೂರಿನಲ್ಲಿ ಬಸ್ ಸ್ಟ್ಯಾಂಡಿನಿಂದ ಎಸ್.ಎಸ್. ಪುರಂವರೆಗೆ ಒಬ್ಬರ ಜೊತೆ ಎರಡು ಸಲ ನಡೆದರೆ ಸುದ್ದಿ ನಮಗಿಂತ ಮೊದಲು ಮನೆ ಸೇರಿರುತ್ತದೆ. ಅತ್ತೆ, ಓರಗಿತ್ತಿ, ಎದುರುಮನೆಯವರು ಇರುವ ಕಡೆ ಗುಟ್ಟಿಗೆ ಆಯುಸ್ಸಿಲ್ಲ, ಗುಟ್ಟಿಲ್ಲದೆ ಥ್ರಿಲ್ಲರ್ ಇಲ್ಲ. ಯಾರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು ಎಂಬುದರ ಮೇಲೆ ಈ ಪ್ರಕಾರ ನಿಂತಿದೆ. ದೇಹದ ದೃಶ್ಯಗಳು ಪ್ರೇಕ್ಷಕರನ್ನು ಕರೆತಂದಿರಬಹುದು, ಕೂರಿಸಿದ್ದು ಈ ಗೊತ್ತು-ಗೊತ್ತಿಲ್ಲದ ಆಟ.

ಎರಡನೆಯ ತಿರುವು ಕೊಲೆಯದು. ಸುಧೀರ್ ತಾನು ಸನ್ನಿಯನ್ನು ಕೊಂದು ಹೂತೆನೆಂದು ನಂಬಿದ್ದಾನೆ. ಆದರೆ ಸನ್ನಿ ಸತ್ತಿರುವುದಿಲ್ಲ. ಅವನು ಮೋಸಗಾರ, ಅವನಿಗೆ ಇನ್ನೊಬ್ಬ ಪ್ರೇಯಸಿ ಇದ್ದಾಳೆ, ಕೊನೆಗೆ ಪ್ರಾಣ ತೆಗೆಯಲು ಬರುವವನೂ ಅವನೇ. ಕಥೆ ಮುಗಿಯುವಾಗ ದಂಪತಿಯ ಮೇಲೆ ಕೊಲೆಯ ಕಳಂಕ ಉಳಿಯುವುದಿಲ್ಲ. ಗಂಡ ಕೈ ಎತ್ತಿದ್ದು ಸಿಟ್ಟಿಗೆ, ಹೆಂಡತಿ ಜಾರಿದ್ದು ಒಂಟಿತನಕ್ಕೆ, ಉಳಿದ ತಪ್ಪೆಲ್ಲ ಹೊರಗಿನಿಂದ ಬಂದ ಗಂಡಸಿನದು.

ಈ ಲೆಕ್ಕಾಚಾರವನ್ನು ಎಲ್ಲೋ ಓದಿದ್ದೇವಲ್ಲ ಎನ್ನಿಸಿದ್ದು ಕಾನೂನು ಓದುತ್ತಿರುವ ಗೆಳತಿಗೆ. ಅವಳು ತೋರಿಸಿದ್ದು ಭಾರತೀಯ ದಂಡ ಸಂಹಿತೆಯ 497ನೆಯ ಕಲಮನ್ನು. 1860ರ ಆ ಕಾಯ್ದೆಯ ಪ್ರಕಾರ ಪರರ ಹೆಂಡತಿಯೊಡನೆ, ಅವಳ ಗಂಡನ ಒಪ್ಪಿಗೆಯಿಲ್ಲದೆ, ಸಂಬಂಧ ಇಟ್ಟುಕೊಂಡ ಗಂಡಸಿಗೆ 5 ವರ್ಷದವರೆಗೆ ಸೆರೆವಾಸ. ಹೆಂಡತಿಗೆ ಶಿಕ್ಷೆಯಿಲ್ಲ, ಕುಮ್ಮಕ್ಕು ಕೊಟ್ಟವಳೆಂದೂ ಹಿಡಿಯುವಂತಿಲ್ಲ. ಗಂಡ ಒಪ್ಪಿದ್ದರೆ ಅದು ಅಪರಾಧವೇ ಅಲ್ಲ. ಮೇಲ್ನೋಟಕ್ಕೆ ಹೆಣ್ಣಿನ ಮೇಲಿನ ಕರುಣೆಯಂತೆ ಕಾಣುತ್ತದೆ. ಒಳಗೆ ಇರುವುದು ಅವಳು ಗಂಡನ ಸ್ವತ್ತು, ಸ್ವಂತ ಮನಸ್ಸಿಲ್ಲದವಳು ಎಂಬ ನಂಬಿಕೆ. 1985ರಲ್ಲಿ ಸೌಮಿತ್ರಿ ವಿಷ್ಣು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ವೈ.ವಿ. ಚಂದ್ರಚೂಡ್. 2018ರ ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅದನ್ನು ರದ್ದುಮಾಡಿತು. ಆ ಐವರಲ್ಲಿ ಅವರ ಮಗ ಡಿ.ವೈ. ಚಂದ್ರಚೂಡ್ ಒಬ್ಬರು. ವಿಚ್ಛೇದನಕ್ಕೆ ವ್ಯಭಿಚಾರ ಈಗಲೂ ಕಾರಣವಾಗಬಲ್ಲದು, ಜೈಲಿಗೆ ಅಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಅಪರಾಧ ಇಲ್ಲ.

'ಮರ್ಡರ್' ತೆರೆಗೆ ಬಂದಾಗ 497 ಜೀವಂತವಾಗಿತ್ತು. ಬ್ಯಾಂಕಾಕಿನಲ್ಲಿ ನಮ್ಮ ಕಾಯ್ದೆ ನಡೆಯುವುದಿಲ್ಲ, ನಿಜ. ಆದರೆ ಚಿತ್ರಕಥೆಯ ನ್ಯಾಯ ನಡೆದದ್ದು ಆ ಕಲಮಿನ ಪ್ರಕಾರವೇ: ಪ್ರೇಮಿಗೆ ಶಿಕ್ಷೆ, ಹೆಂಡತಿಗೆ ವಿನಾಯಿತಿ, ಗಂಡನಿಗೆ ಮನೆ ವಾಪಸ್. ಬಿಚ್ಚುಗಾರಿಕೆಗೆ ಹೆಸರಾದ ಚಿತ್ರ ತೀರ್ಪಿನಲ್ಲಿ ಇಷ್ಟು ಸಾಂಪ್ರದಾಯಿಕ ಎಂಬುದನ್ನು ನಿಮ್ಮ ಉತ್ತರದಲ್ಲಿ ಧೈರ್ಯವಾಗಿ ಬರೆಯಿರಿ.

ಕನ್ನಡದ ಮಕ್ಕಳಾದ ನಮ್ಮ ಕೈಯಲ್ಲಿ ಇನ್ನೊಂದು ಅಳತೆಗೋಲಿದೆ. ಜನ್ನನ 'ಯಶೋಧರ ಚರಿತೆ', 1209ರ ಕಾವ್ಯ. ರಾಣಿ ಅಮೃತಮತಿ ಇರುಳಿನಲ್ಲಿ ಕೇಳಿದ ಹಾಡಿಗೆ ಸೋತು, ಕುರೂಪಿ ಮಾವುತನ ಬಳಿ ಹೋಗುತ್ತಾಳೆ. ರಾಜ ಹಿಂಬಾಲಿಸಿ ಕಣ್ಣಾರೆ ಕಾಣುತ್ತಾನೆ, ಕತ್ತಿ ಎತ್ತುತ್ತಾನೆ, ಇಳಿಸುತ್ತಾನೆ. ಮರುದಿನ ಅದನ್ನು ಕೆಟ್ಟ ಕನಸೆಂದು ತಾಯಿಗೆ ಹೇಳಿ ಹಿಟ್ಟಿನ ಕೋಳಿಯ ಬಲಿಯವರೆಗೆ ಹೋಗುತ್ತಾನೆ. ಗಂಡ ಬಲ್ಲ, ಬಲ್ಲನೆಂದು ಹೆಂಡತಿಯೂ ಅರಿಯುತ್ತಾಳೆ. ಇದಕ್ಕಿಂತ ಬಿಗಿಯಾದ ಥ್ರಿಲ್ಲರ್ ಹಂದರ ಬೇಕೆ? ಅಮೃತಮತಿ ಅತ್ತೆಗೂ ಗಂಡನಿಗೂ ವಿಷವಿಕ್ಕುತ್ತಾಳೆ. ಜೈನಕವಿ ಅವಳನ್ನು ಕ್ಷಮಿಸುವುದಿಲ್ಲ. ಆದರೆ ಬಯಸಿದವಳೂ ಕೊಂದವಳೂ ಅವಳೇ ಎಂಬುದನ್ನು ಮರೆಮಾಚುವುದೂ ಇಲ್ಲ. ತಪ್ಪನ್ನು ಹೊರಲು ಮಾವುತನನ್ನು ಜನ್ನ ಕರೆಯಲಿಲ್ಲ.

ಉತ್ತರ ಬರೆಯುವಾಗ ಶಬ್ರೋಲ್‌ನ ಹೆಂಡತಿ ಸುಟ್ಟ ಫೋಟೋ, ಅಮೃತಮತಿ ಇಕ್ಕಿದ ವಿಷ, ಇವೆರಡರ ಪಕ್ಕದಲ್ಲಿ ಸಿಮ್ರನ್‌ಳನ್ನು ನಿಲ್ಲಿಸಿ ನೋಡಿ. ಕೊನೆಯ ಅರ್ಧ ಗಂಟೆಯಲ್ಲಿ ಅವಳು ತಾನಾಗಿ ಮಾಡಿದ ಕೆಲಸಗಳನ್ನೂ ಅವಳ ಮೇಲೆ ನಡೆದ ಕೆಲಸಗಳನ್ನೂ ಎರಡು ಕಾಲಂ ಮಾಡಿ ಬರೆದುಕೊಂಡು ಮುಂದಿನ ಚರ್ಚೆಗೆ ತನ್ನಿ.