ಗೇಮ್ ಮಳಿಗೆಯ ಪಾಯಿಂಟ್‌ಗಳು: ಯಾರಿಗೆ ಬೇಕು, ಯಾರ ಲೆಕ್ಕಕ್ಕೆ?

ಆನ್‌ಲೈನ್ ಗೇಮ್ ಮಳಿಗೆಗಳ ಪಾವತಿ ಮತ್ತು ರಿಫಂಡ್ ವ್ಯವಸ್ಥೆಗಳನ್ನು ರೂಪಿಸುವುದು ನನ್ನ ವೃತ್ತಿ. ಈ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: ಪದೇ ಪದೇ ಕೊಳ್ಳುವ ಗ್ರಾಹಕರಿಗೆ ಪಾಯಿಂಟ್, ಕ್ಯಾಶ್‌ಬ್ಯಾಕ್ ಅಥವಾ ಶ್ರೇಣಿವಾರು ಸವಲತ್ತುಗಳನ್ನು ಕೊಡಬೇಕೇ? ಎಲ್ಲ ಮಳಿಗೆಗಳಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ಉತ್ತರ ಯಾವುದರ ಮೇಲೆ ನಿಂತಿದೆ ಎಂಬುದು ಸ್ಪಷ್ಟವಾಗಿದೆ: ಗ್ರಾಹಕ ಈ ಮಳಿಗೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಎಷ್ಟು ಸುಲಭ ಎಂಬುದರ ಮೇಲೆ.

ದಿನಸಿ ಕೊಂಡವನು ಚೀಲ ಹಿಡಿದು ಮನೆಗೆ ಹೋದರೆ ಅಂಗಡಿಯೊಂದಿಗಿನ ನಂಟು ಅಲ್ಲಿಗೆ ಮುಗಿಯುತ್ತದೆ. ಗೇಮ್ ಕೊಂಡವನ ಸರಕು ಅಂಗಡಿಯಲ್ಲಿಯೇ, ಅವನ ಖಾತೆಯಲ್ಲಿಯೇ ಉಳಿಯುತ್ತದೆ. ಅರ್ಧ ಆಡಿದ ಆಟದ ಸೇವ್ ಕಡತಗಳು, ಗಳಿಸಿದ ಪದಕಗಳು, ಸ್ನೇಹಿತರ ಪಟ್ಟಿ, ಮುಂದೆ ಕೊಳ್ಳಲೆಂದು ಗುರುತು ಹಾಕಿಟ್ಟ ಆಟಗಳು ಎಲ್ಲವೂ ಅಲ್ಲಿಯೇ ಇರುತ್ತವೆ. 2003ರಲ್ಲಿ ಆರಂಭವಾದ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಮಳಿಗೆಯಲ್ಲಿ ನೂರಾರು ಆಟಗಳನ್ನು ಕೂಡಿಟ್ಟವರಿಗೆ ಆ ಸಂಗ್ರಹವೇ ಅಲ್ಲಿ ಉಳಿಯಲು ಸಾಕಷ್ಟು ಕಾರಣ. ಅವರನ್ನು ಹಿಡಿದಿಡಲು ಪ್ರತ್ಯೇಕ ಬಹುಮಾನದ ಅಗತ್ಯವಿಲ್ಲ. ನಕಲು ತಡೆಯುವ ಬೀಗವಿಲ್ಲದೆ ಆಟಗಳನ್ನು ಮಾರುವ ಗಾಗ್‌ನಂತಹ ಮಳಿಗೆಯಲ್ಲಿ ಕಡತವನ್ನು ಇಳಿಸಿಕೊಂಡು ತಮ್ಮ ಬಳಿಯೇ ಇಟ್ಟುಕೊಳ್ಳಬಹುದಾದ್ದರಿಂದ ಈ ಹಿಡಿತ ತುಸು ಸಡಿಲ.

ಈ ದೃಷ್ಟಿಯಿಂದ ನೋಡಿದರೆ ದೊಡ್ಡ ಮಳಿಗೆಗಳ ನಡೆ ವಿಚಿತ್ರವೆನಿಸುವುದಿಲ್ಲ. 2020ರಲ್ಲಿ ಸ್ಟೀಮ್ ತಂದ ಪಾಯಿಂಟ್ ವ್ಯವಸ್ಥೆಯಲ್ಲಿ ಖರ್ಚು ಮಾಡಿದ ಪ್ರತಿ ಅಮೆರಿಕನ್ ಡಾಲರಿಗೆ 100 ಪಾಯಿಂಟ್ ಸಿಗುತ್ತದೆ. ಸಂಖ್ಯೆ ದೊಡ್ಡದಾಗಿ ಕಂಡರೂ ಅದರಿಂದ ಆಟ ಕೊಳ್ಳಲು ಬರುವುದಿಲ್ಲ. ಪ್ರೊಫೈಲಿನ ಹಿನ್ನೆಲೆ ಚಿತ್ರ, ಚೌಕಟ್ಟು, ಸ್ಟಿಕರುಗಳಂತಹ ಅಲಂಕಾರಗಳನ್ನು ಮಾತ್ರ ಪಡೆಯಬಹುದು. ಸ್ಟೀಮ್ ಆರಂಭವಾಗಿ ಎಷ್ಟೋ ವರ್ಷಗಳ ಬಳಿಕ, 2018ರ ಡಿಸೆಂಬರಿನಲ್ಲಿ, ಕಣಕ್ಕಿಳಿದ ಎಪಿಕ್ ಗೇಮ್ಸ್ ಸ್ಟೋರ್ ಆಟಗಳನ್ನು ಉಚಿತವಾಗಿ ಹಂಚಿ ಗ್ರಾಹಕರ ಖಾತೆಯಲ್ಲಿ ಸಂಗ್ರಹ ಬೆಳೆಸಿತು. ಮುಂದೆ ಖರೀದಿಯ ಶೇ 5ರಷ್ಟನ್ನು ಮುಂದಿನ ಖರೀದಿಗೆ ಬಳಸಬಹುದಾದ ಮೊತ್ತವಾಗಿ ಹಿಂದಿರುಗಿಸತೊಡಗಿತು. ತನ್ನ ಯಂತ್ರಕ್ಕೆ ತಾನೇ ಆನ್‌ಲೈನ್ ಅಂಗಡಿಯಾಗಿರುವ ನಿಂಟೆಂಡೊ, ಡಿಜಿಟಲ್ ಖರೀದಿಗೆ ಶೇ 5ರ ಲೆಕ್ಕದಲ್ಲಿ ಕೊಡುತ್ತಿದ್ದ ಗೋಲ್ಡ್ ಪಾಯಿಂಟುಗಳನ್ನು 2025ರ ಮಾರ್ಚಿನಲ್ಲಿ ನಿಲ್ಲಿಸಿತು. ಸೋನಿ 2022ರಲ್ಲಿ ಆರಂಭಿಸಿದ ಪ್ಲೇಸ್ಟೇಷನ್ ಸ್ಟಾರ್ಸ್ ಎಂಬ ಬಹುಮಾನ ಯೋಜನೆಯನ್ನು ಮುಚ್ಚುವುದಾಗಿ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಕಂಪನಿಗಳು ಕೊಟ್ಟ ಕಾರಣಗಳೇನೇ ಇರಲಿ, ಗ್ರಾಹಕನಿಗೆ ಬೇರೆ ದಾರಿಯಿಲ್ಲದ ಕಡೆ ಬಹುಮಾನ ಹೆಚ್ಚು ಕಾಲ ಬಾಳುವುದಿಲ್ಲ ಎಂಬುದು ನನ್ನ ಓದು. ಪೈಪೋಟಿಯಲ್ಲಿ ಹಿಂದಿರುವವರಿಗೆ ಮಾತ್ರ ಅದು ನಿಜವಾದ ಸಾಧನ.

ಹೀಗಾಗಿ ಹೊಸ ಅಥವಾ ಸಣ್ಣ ಮಳಿಗೆಗೆ ನನ್ನ ಉತ್ತರ, ಕೊಡಬೇಕು ಎಂಬುದೇ. ಆದರೆ ಅದಕ್ಕೂ ಮೊದಲು ಅದು ಯಾರ ಜೇಬಿನಿಂದ ಹೋಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ನೋಡಬೇಕು. ಆಟದ ಬೆಲೆಯನ್ನು ಗೊತ್ತುಮಾಡುವವರು ಸಾಮಾನ್ಯವಾಗಿ ಪ್ರಕಾಶಕರು. ಮಳಿಗೆಗೆ ಸಿಗುವುದು ಕಮಿಷನ್ ಮಾತ್ರ. ಬೆಲೆ 100 ಎಂದಿಟ್ಟುಕೊಳ್ಳಿ. ಸ್ಟೀಮ್‌ನ ಮೂಲ ದರದಂತೆ ಶೇ 30 ಕಮಿಷನ್ ಪಡೆಯುವ ಮಳಿಗೆ 5ನ್ನು ಹಿಂದಿರುಗಿಸಿದರೆ ತನ್ನ ಪಾಲಿನ ಆರನೇ ಒಂದು ಭಾಗ ಬಿಟ್ಟುಕೊಟ್ಟಂತಾಯಿತು. ಎಪಿಕ್ ಆರಂಭದಲ್ಲಿ ಘೋಷಿಸಿದಂತೆ ಶೇ 12 ಮಾತ್ರ ಪಡೆಯುವ ಮಳಿಗೆ ಅದೇ 5ನ್ನು ಕೊಟ್ಟರೆ ಅದರ ಪಾಲಿನ ಐದರಲ್ಲಿ ಎರಡಕ್ಕಿಂತ ಹೆಚ್ಚು ಭಾಗ ಹೋಗುತ್ತದೆ. ಉಳಿದ 7ರಲ್ಲಿ ಪಾವತಿ ಶುಲ್ಕ, ಸರ್ವರ್ ವೆಚ್ಚ, ಸಹಾಯವಾಣಿಯ ಸಂಬಳ ಎಲ್ಲವೂ ಸಾಗಬೇಕು. ಈ ಭಾರವನ್ನು ಸದ್ದಿಲ್ಲದೆ ಪ್ರಕಾಶಕರ ಪಾಲಿನಿಂದ ಕಳೆಯುವ ಒಪ್ಪಂದಗಳನ್ನು ನಾನು ಕಂಡಿದ್ದೇನೆ. ಅದು ಸರಿಯಲ್ಲ, ಗ್ರಾಹಕನ ವಿಶ್ವಾಸ ಗಳಿಸಿಕೊಳ್ಳುವುದು ಮಳಿಗೆಯಾದ ಮೇಲೆ ಖರ್ಚೂ ಮಳಿಗೆಯದೇ ಆಗಬೇಕು.

ಇನ್ನೊಂದು ವಾಸ್ತವವೂ ಇದೆ. ಗೇಮ್ ಮಾರುಕಟ್ಟೆಯ ಗ್ರಾಹಕರು ಕಾಯುವುದರಲ್ಲಿ ಪಳಗಿದವರು. ಸೇಲ್ ಬಂದಾಗ ಶೇ 75ರವರೆಗೂ ಬೆಲೆ ಇಳಿಯುವ ಕಡೆ ಶೇ 5ರ ಪಾಯಿಂಟ್ ಯಾರ ಮನಸ್ಸನ್ನೂ ಬದಲಿಸುವುದಿಲ್ಲ. ಆಟ ಬಿಡುಗಡೆಯಾದ ದಿನವೇ ಪೂರ್ಣ ಬೆಲೆ ತೆತ್ತು ಕೊಳ್ಳುವವರಿಗೆ ಮಾತ್ರ ಅದು ಗಣ್ಯ, ಏಕೆಂದರೆ ಆ ದಿನ ಎಲ್ಲ ಮಳಿಗೆಗಳಲ್ಲೂ ಬೆಲೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ಯೋಜನೆ ನಿಜಕ್ಕೂ ಎಡವುವುದು ರಿಫಂಡ್ ಎಂಬ ಮೆಟ್ಟಿಲಿನಲ್ಲಿ. ಸ್ಟೀಮ್‌ನಲ್ಲಿ ಖರೀದಿಸಿದ 14 ದಿನಗಳೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ, ಹಣ ವಾಪಸು ಕೇಳಬಹುದು. ಇಂತಹ ಅವಕಾಶವನ್ನು ಈಗ ಗ್ರಾಹಕರು ಎಲ್ಲೆಡೆಯೂ ನಿರೀಕ್ಷಿಸುತ್ತಾರೆ. ಒಬ್ಬ ಗ್ರಾಹಕ ದುಬಾರಿ ಆಟವೊಂದನ್ನು ಕೊಂಡು, ತಕ್ಷಣ ಸಿಕ್ಕ ಪಾಯಿಂಟುಗಳಿಂದ ಇನ್ನೊಂದು ಸಣ್ಣ ಆಟ ಪಡೆದು, ಮರುದಿನ ದುಬಾರಿ ಆಟವನ್ನು ಹಿಂದಿರುಗಿಸಿದರೆ ಏನು ಮಾಡಬೇಕು? ಪಾಯಿಂಟ್ ಖಾತೆಯನ್ನು ಋಣಕ್ಕೆ ಇಳಿಸಿದರೆ ಆತ ಆ ಖಾತೆಯನ್ನೇ ತೊರೆದು ಹೊಸದನ್ನು ತೆರೆಯುತ್ತಾನೆ. ರಿಫಂಡಿನಲ್ಲಿ ಮುರಿದುಕೊಂಡರೆ ಪೂರ್ಣ ಹಣ ಬರಲಿಲ್ಲವೆಂಬ ದೂರು ಬರುತ್ತದೆ, ಕೆಲವೊಮ್ಮೆ ಬ್ಯಾಂಕಿನವರೆಗೂ ಹೋಗುತ್ತದೆ. ಕದ್ದ ಕಾರ್ಡುಗಳಿಂದ ಕೊಳ್ಳುವವರಿಗಂತೂ ಇದು ತೆರೆದ ಬಾಗಿಲು. ಗಳಿಸಿದ ಪಾಯಿಂಟನ್ನು ಗ್ರಾಹಕನಿಗೆ ತೋರಿಸಬೇಕು, ಆದರೆ ರಿಫಂಡ್ ಅವಧಿ ಮುಗಿಯುವವರೆಗೆ ಬಳಕೆಗೆ ಬಿಡಬಾರದು ಎಂಬುದೇ ನಾನು ಪಟ್ಟು ಹಿಡಿಯುವ ನಿಯಮ. ಮಾರಾಟ ವಿಭಾಗದವರಿಗೆ ಇದು ಹಿಡಿಸುವುದಿಲ್ಲ, ಏಕೆಂದರೆ ಬಹುಮಾನ ಕೂಡಲೇ ಕೈಗೆ ಬಂದರೆ ಅದರ ರುಚಿ ಹೆಚ್ಚು.

ಇದರ ಮಗ್ಗುಲಲ್ಲೇ ಇನ್ನೊಂದು ಸೂಕ್ಷ್ಮವಿದೆ. ಈ ತಿಂಗಳ ಕೊನೆಗೆ ಅವಧಿ ಮುಗಿಯುವ ಪಾಯಿಂಟುಗಳನ್ನು ಗ್ರಾಹಕ 28ನೇ ತಾರೀಖು ಬಳಸಿ, ಮುಂದಿನ ತಿಂಗಳ 2ರಂದು ಆಟವನ್ನು ಹಿಂದಿರುಗಿಸಿದನೆನ್ನಿ. ನಾನು ಪರಿಶೀಲಿಸಿದ ಒಂದು ವ್ಯವಸ್ಥೆಯಲ್ಲಿ ಪಾಯಿಂಟುಗಳು ಹಳೆಯ ತಾರೀಖಿನೊಂದಿಗೇ ವಾಪಸು ಬಂದು, ಅದೇ ಕ್ಷಣದಲ್ಲಿ ಅವಧಿ ಮೀರಿ ಅಳಿದುಹೋಗುತ್ತಿದ್ದವು. ಗ್ರಾಹಕನಿಗೆ ತಲುಪುತ್ತಿದ್ದುದು ‘ನಿಮ್ಮ ಪಾಯಿಂಟುಗಳನ್ನು ಮರಳಿಸಲಾಗಿದೆ’ ಎಂಬ ಇಮೇಲ್ ಮತ್ತು ಸೊನ್ನೆ ತೋರಿಸುವ ಖಾತೆ. ಲೆಕ್ಕದ ಪ್ರಕಾರ ಎಲ್ಲವೂ ಸರಿಯಾಗಿಯೇ ಇತ್ತು! ಮರಳಿ ಬಂದ ಪಾಯಿಂಟಿಗೆ ಕನಿಷ್ಠ ಒಂದು ತಿಂಗಳ ಹೊಸ ಆಯುಷ್ಯ ಕೊಡುವ ಒಂದು ಸಾಲಿನ ನಿಯಮ ಈ ಜಗಳವನ್ನು ತಪ್ಪಿಸುತ್ತದೆ.

ಅವಧಿಯ ವಿಷಯದಲ್ಲಿ ಹಣಕಾಸು ವಿಭಾಗದ ಕಳವಳ ಅರ್ಥವಾಗುವಂಥದ್ದೇ. 2018ರಿಂದ ಜಾರಿಯಲ್ಲಿರುವ ಐಎಫ್‌ಆರ್‌ಎಸ್ 15 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡದ ಪ್ರಕಾರ, ಗ್ರಾಹಕನಿಗೆ ಗಣನೀಯ ಹಕ್ಕು ಕೊಡುವ ಪಾಯಿಂಟುಗಳಿಗೆ ಸಲ್ಲುವ ಆದಾಯವನ್ನು ಮಾರಾಟದ ದಿನವೇ ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಆ ಭಾಗವನ್ನು ಹೊಣೆಯಾಗಿ ತೋರಿಸಬೇಕಾಗುತ್ತದೆ. ಬಳಕೆಯಾಗದೆ ಉಳಿಯುವ ಪಾಯಿಂಟುಗಳನ್ನು ಅಂದಾಜಿಸಿ ಆದಾಯಕ್ಕೆ ಸೇರಿಸಿಕೊಳ್ಳಲು ಅವಕಾಶವಿದೆ. ಆದರೆ ಗ್ರಾಹಕ ಮರೆತರೆ ನಮಗೆ ಲಾಭ ಎಂಬ ಲೆಕ್ಕಾಚಾರ ಯೋಜನೆಯ ರಚನೆಯೊಳಗೆ ನುಸುಳಿದ ಕೂಡಲೇ ಗಡುವು ಚಿಕ್ಕದಾಗುತ್ತದೆ, ನಿಬಂಧನೆಗಳು ಉದ್ದವಾಗುತ್ತವೆ, ಬಹುಮಾನವೆಂಬುದು ಹೆಸರಿಗಷ್ಟೇ ಉಳಿಯುತ್ತದೆ.

ಗ್ರಾಹಕರ ಮನಸ್ಸನ್ನು ಎಳೆಯುವ ತಂತ್ರಗಳ ಬಗ್ಗೆಯೂ ಎಚ್ಚರ ಬೇಕು. 2006ರಲ್ಲಿ ಜೋಸೆಫ್ ನ್ಯೂನ್ಸ್ ಮತ್ತು ಜೇವಿಯರ್ ಡ್ರೇಜ್ ಪ್ರಕಟಿಸಿದ ಅಧ್ಯಯನದಲ್ಲಿ, ಕಾರು ತೊಳೆಸುವ ಗ್ರಾಹಕರ ಒಂದು ಗುಂಪಿಗೆ 8 ಮುದ್ರೆಗಳ ಖಾಲಿ ಕಾರ್ಡನ್ನೂ ಇನ್ನೊಂದಕ್ಕೆ 2 ಮುದ್ರೆ ಮೊದಲೇ ಒತ್ತಿದ 10ರ ಕಾರ್ಡನ್ನೂ ಕೊಡಲಾಗಿತ್ತು. ಎರಡೂ ಗುಂಪಿನವರು ಬರಬೇಕಾದದ್ದು 8 ಸಲವೇ. ಆದರೂ ಮೊದಲ ಗುಂಪಿನಲ್ಲಿ ಶೇ 19, ಎರಡನೆಯದರಲ್ಲಿ ಶೇ 34 ಮಂದಿ ಕಾರ್ಡು ತುಂಬಿಸಿದರು. ಮಳಿಗೆಯ ಪುಟದಲ್ಲಿ ಕಾಲುಭಾಗ ತುಂಬಿದಂತೆ ತೋರುವ ಪಟ್ಟಿಯ ಶಕ್ತಿ ಇದೇ. ಆಟಗಳೊಳಗೆ ದಿನನಿತ್ಯದ ಹಾಜರಿ ಬಹುಮಾನಗಳು ಈಗಾಗಲೇ ತುಂಬಿಹೋಗಿರುವಾಗ, ಮಕ್ಕಳೂ ಬಳಸುವ ಅಂಗಡಿ ಅದನ್ನೇ ನಕಲು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಪಾಯಿಂಟುಗಳನ್ನು, ತೆರೆಯುವವರೆಗೆ ಒಳಗೇನಿದೆಯೆಂದು ತಿಳಿಯದ ಅದೃಷ್ಟದ ಪೆಟ್ಟಿಗೆಗಳಿಗೆ (ಲೂಟ್ ಬಾಕ್ಸ್) ಬದಲಿಸಿಕೊಳ್ಳಲು ಬಿಡುವುದಂತೂ ಬೇಡವೇ ಬೇಡ. ಹಣ ಕೊಟ್ಟು ತೆರೆಯುವ ಅಂತಹ ಪೆಟ್ಟಿಗೆಗಳನ್ನು ಬೆಲ್ಜಿಯಂನ ನಿಯಂತ್ರಣ ಸಂಸ್ಥೆ 2018ರಲ್ಲೇ ಜೂಜೆಂದು ಪರಿಗಣಿಸಿತು.

ಕೊಡುವುದಾದರೆ ಹಣದ ಲೆಕ್ಕದಲ್ಲೇ ಕೊಡಬೇಕು, ನೂರು ಸಾವಿರಗಳ ಪಾಯಿಂಟ್ ಮರೆಯಲ್ಲಲ್ಲ. ಗಳಿಕೆಯ ದರ ಒಂದೇ ಇರಲಿ, ಮಳಿಗೆಯ ಯಾವುದೇ ಆಟಕ್ಕೂ ಬಳಸುವಂತಿರಲಿ, ಚಿನ್ನ ಬೆಳ್ಳಿಯ ಶ್ರೇಣಿಗಳು ಬೇಡ. ಯೋಜನೆಯನ್ನು ಮುಚ್ಚುವ ಕ್ರಮವನ್ನೂ ಆರಂಭದ ದಿನವೇ ನಿಬಂಧನೆಗಳಲ್ಲಿ ಬರೆದಿಡುವುದು ಒಳ್ಳೆಯದು. ಸೋನಿ ತನ್ನ ಯೋಜನೆಗೆ 2026ರ ನವೆಂಬರಿನವರೆಗೆ ಸಮಯ ಕೊಟ್ಟಿರುವುದು ಈ ಮಟ್ಟಿಗೆ ಅನುಕರಣೀಯ. ಮೊದಲು ಗಳಿಕೆ ನಿಲ್ಲಬೇಕು, ಬಳಕೆಗೆ ಆ ಬಳಿಕ ಕನಿಷ್ಠ ಒಂದು ವರ್ಷ ಇರಬೇಕು, ಯಾವ ಆಟಕ್ಕೂ ಸಾಲದಷ್ಟು ಚಿಲ್ಲರೆ ಉಳಿದವರ ಮೊತ್ತವನ್ನು ಅವರು ಕೇಳುವ ಮೊದಲೇ ವಾಲೆಟ್‌ಗೆ ಜಮಾ ಮಾಡಬೇಕು.